ಪೆರ್ಲದ ಮೇಣದ ಕಿತ್ತಳೆ

ಎತ್ತಿನ ಗಾಡಿ ಡಿಸ್ಪೆನ್ಸರಿಯ ಅಂಗಳಕ್ಕೆ ಬಂದು ನಿಂತಾಗ ಮಧ್ಯಾಹ್ನ ಮೂರು ಗಂಟೆ. ಒಳಗೆ ಇಬ್ಬರು ಹೆಂಗಸರು. ಒಬ್ಬಳು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದಳು. ಇನ್ನೊಬ್ಬಳು ಗಾಡಿಯ ಅಂಚಿನಾಚೆ ತಲೆ ಬಾಗಿಸಿ ವಾಂತಿ ಮಾಡುತ್ತಿದ್ದಳು.

"ವಿಷ!" ಗಾಡಿಯ ಹಿಂದೆಯೇ ಓಡಿ ಬಂದ ಗುಣಪಾಲ ಕೂಗಿದರು. "ಪೆರ್ಲದ ಆ ಪೂವಪ್ಪ — ಮೇಣ ಹಚ್ಚಿದ ಕಿತ್ತಳೆ ಕೊಟ್ಟು ನನ್ನ ಹೆಂಡತಿಯನ್ನು ಕೊಲ್ಲಲಿಕ್ಕೆ ಹೊರಟಿದ್ದಾನೆ!"

ಅದು ೧೯೫೫ರ ಜನವರಿ, ಶುಕ್ರವಾರ. ನಾನು, ಪ್ರೇಮನಾಥ, ಬದಿಯಡ್ಕದ ಡಿಸ್ಪೆನ್ಸರಿಯಲ್ಲಿ ಕಂಪೌಂಡರ್. ಡಾಕ್ಟರರು ವಾರಕ್ಕೆರಡು ದಿನ ಕಾಸರಗೋಡಿನಿಂದ ಬಂದು ಹೋಗುತ್ತಿದ್ದರು. ಅಂದು ಅವರು ಬರುವ ದಿನವಲ್ಲ. ಇದ್ದವರು ನಾನು ಮತ್ತು ಮಿಡ್‌ವೈಫ್ ಪಂಕಜಾಕ್ಷಿ. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು. ಸುತ್ತಲಿನ ಹಳ್ಳಿಗಳಲ್ಲಿ ಅವರ ಕೈಯಿಂದ ಹುಟ್ಟಿದ ಮಕ್ಕಳಿಗೆ ಲೆಕ್ಕವಿರಲಿಲ್ಲ. ನಾನು ಅವರನ್ನು ಪಂಕಜಕ್ಕ ಎನ್ನುತ್ತಿದ್ದೆ. ಒಂದು ಪ್ರಶ್ನೆ ಅವರ ತಲೆಗೆ ಹೊಕ್ಕರೆ ಉತ್ತರ ಸಿಗುವ ತನಕ ಊಟವೂ ರುಚಿಸದು.

ಮಲಗಿದ್ದವಳು ಗುಣಪಾಲರ ಹೆಂಡತಿ ಹರಿಣಾಕ್ಷಿ. ಏಳು ತಿಂಗಳ ಬಸುರಿ. ಪಂಕಜಕ್ಕ ಮರದ ಕೊಳವೆಯನ್ನು ಅವಳ ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟರು.

"ಮಗುವಿನ ಎದೆಬಡಿತ ಉಂಟು," ಎಂದರು. ನಂತರ ಹರಿಣಾಕ್ಷಿಯ ಕಡೆ ಬಾಗಿ, "ಭೇದಿ ಆಯ್ತಾ?"

"ಇಲ್ಲ ಅಕ್ಕ. ಎರಡು ದಿನದಿಂದ ಹೊಟ್ಟೆಯೇ ಕಟ್ಟಿದೆ. ಒಳಗೆ ಹಗ್ಗ ಹೊಸೆದ ಹಾಗೆ ನೋವು."

"ಬಾಯಿ ರುಚಿ?"

"ಕಬ್ಬಿಣ ನೆಕ್ಕಿದ ಹಾಗೆ."

"ನಂಗೂ ಹಾಗೆಯೇ ಅಮ್ಮ," ಎಂದಳು ವಾಂತಿ ಮಾಡುತ್ತಿದ್ದವಳು. ಅವಳು ಕಿನ್ನಿ. ನೆಕ್ರಾಜೆಯಲ್ಲಿರುವ ಗುಣಪಾಲರ ಮನೆಯ ಅಡಿಗೆ ಕೆಲಸ ಅವಳದ್ದು.

ಪಂಕಜಕ್ಕ ಗುಣಪಾಲರ ಕಡೆ ತಿರುಗಿದರು. "ಕಿತ್ತಳೆ ಯಾರು ಯಾರು ತಿಂದದ್ದು?"

"ಎಲ್ಲರೂ! ಐವತ್ತು ಹಣ್ಣಿನ ಬುಟ್ಟಿ ಸೋಮವಾರ ಬಂತು. ನಾನೇ ದಿನಕ್ಕೆ ನಾಲ್ಕು ತಿಂದೆ."

"ನಿಮಗೆ ಎಂತ ಆಗ್ಲಿಲ್ಲ?"

ಗುಣಪಾಲ ತಡವರಿಸಿದರು. "ನನಗೆ... ಇಲ್ಲ."

"ಹರಿಣಾಕ್ಷಿ ಎಷ್ಟು ತಿಂದಳು?"

"ಒಟ್ಟಿಗೆ ಆರೋ ಏಳೋ."

"ಕಿನ್ನಿ, ನೀನು?"

"ಒಂದೂ ಇಲ್ಲ ಅಮ್ಮ. ನಂಗೆ ಕಿತ್ತಳೆ ತಿಂದರೆ ಹಲ್ಲು ಜುಂ ಅಂತದೆ. ದೇವರಾಣೆ, ಒಂದು ತೊಳೆ ಸಹ ಬಾಯಿಗೆ ಹಾಕ್ಲಿಲ್ಲ."

ಪಂಕಜಕ್ಕ ನನ್ನನ್ನು ನೋಡಿದರು. ಹೆಚ್ಚು ತಿಂದವರು ಗಟ್ಟಿಯಾಗಿ ನಿಂತಿದ್ದರು. ಮುಟ್ಟದವಳು ಬಿದ್ದಿದ್ದಳು. ಇದು ಯಾವ ಬಗೆಯ ವಿಷ?

ಇಬ್ಬರಿಗೂ ಹಾಲು ಕುಡಿಸಿ, ಬಾಡಿಗೆ ಕಾರಿನಲ್ಲಿ ಕಾಸರಗೋಡಿನ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಗುಣಪಾಲ ಜೊತೆಗೆ ಹೋದರು. ಹೋಗುವ ಮೊದಲೇ ಅವರ ಆಳು ಪೊಲೀಸರಿಗೆ ಸುದ್ದಿ ಮುಟ್ಟಿಸಿ ಆಗಿತ್ತು. ಸಂಜೆಯೊಳಗೆ ಸಬ್ ಇನ್ಸ್‌ಪೆಕ್ಟರರು ಪೆರ್ಲಕ್ಕೆ ಹೋಗಿ ಪೂವಪ್ಪನ ಅಂಗಡಿಗೆ ಬೀಗ ಜಡಿದು, ಮೇಣದ ಡಬ್ಬಿ ಸಮೇತ ಅವನನ್ನು ಸ್ಟೇಷನ್ನಿಗೆ ತಂದು ಕೂರಿಸಿದರು.

ನಾವು ಅಷ್ಟು ಹೊತ್ತಿಗೆ ನೆಕ್ರಾಜೆಯಲ್ಲಿದ್ದೆವು. ಗುಣಪಾಲರ ತಾಯಿ ವಸುಮತಿಯಮ್ಮ ಗಾಡಿಯ ಬೆನ್ನಿಗೇ ಬಂದು ಸೇರಿದ್ದವರು, ನಮ್ಮನ್ನು ಬಸ್ಸಿನಲ್ಲಿ ಮನೆಗೆ ಕರೆದುಕೊಂಡು ಹೋದರು. ಮಾತು ಕಡಿಮೆಯ, ಕಟ್ಟುನಿಟ್ಟಿನ ಹೆಂಗಸು. ಅವರು ತಂದು ತೋರಿಸಿದ ಬುಟ್ಟಿಯಲ್ಲಿ ಐದು ಕಿತ್ತಳೆ ಉಳಿದಿದ್ದವು. ಕೆಂಪು ಮಿಶ್ರಿತ ಹಳದಿ, ಕನ್ನಡಿಯಂತೆ ಮಿಂಚುತ್ತಿದ್ದವು.

"ಎಷ್ಟು ಚಂದ ಉಂಟು ನೋಡಿ," ಎಂದರು ವಸುಮತಿಯಮ್ಮ ಕಹಿಯಾಗಿ. "ಈ ಚಂದಕ್ಕೇ ಮೋಸ ಹೋದದ್ದು."

ಪಂಕಜಕ್ಕ ಒಂದನ್ನು ಎತ್ತಿ ತೊಟ್ಟಿನ ಕಡೆ ನೋಡಿದರು. ಮಗುಚಿ ಅಡಿ ನೋಡಿದರು. ಇನ್ನೊಂದು. ಮತ್ತೊಂದು. ಐದನ್ನೂ ಬೋರಲು ಹಾಕಿ ಸಾಲಾಗಿ ಇಟ್ಟರು. ನಂತರ, "ಕಸ ಹಾಕುವ ಗುಂಡಿ ಎಲ್ಲಿ?" ಎಂದು ಕೇಳಿದರು.

ಗುಂಡಿ ಹಿತ್ತಿಲಲ್ಲಿತ್ತು. ಪಂಕಜಕ್ಕ ಒಂದು ಕೋಲಿನಿಂದ ಕೆದಕತೊಡಗಿದರು. ಬೂದಿ, ಬಾಳೆಎಲೆ, ತೆಂಗಿನ ಚಿಪ್ಪು. ಅಲ್ಲಲ್ಲಿ ಒಣಗಿದ ಕಿತ್ತಳೆ ಸಿಪ್ಪೆ.

"ಕಂಪೌಂಡರೇ, ಎಷ್ಟು ಹಣ್ಣಿನ ಸಿಪ್ಪೆ ಇರಬಹುದು?"

"ಇಪ್ಪತ್ತೈದು?"

"ಹೆಚ್ಚೆಂದರೆ ಮೂವತ್ತು. ಐವತ್ತು ಬಂದದ್ದು. ಐದು ಉಳಿದಿದೆ. ಮತ್ತಿನ ಹದಿನೈದು ಹಣ್ಣಿನ ಸಿಪ್ಪೆ ಎಲ್ಲಿಗೆ ಹೋಯ್ತು?"

"ದನ ತಿಂದಿರ್ಬೇಕು," ಎಂದರು ವಸುಮತಿಯಮ್ಮ.

"ನಿಮ್ಮ ಮನೆಯಲ್ಲಿ ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವ ಕ್ರಮ ಉಂಟಾ ಅಮ್ಮ?"

"ಮಾಡ್ತೇವೆ. ಆದರೆ ಈ ಸಲ ಇಲ್ಲ. ಬಸುರಿಗೆ ಅದು ಉಷ್ಣ ಅಲ್ವಾ? ಹರಿಣಾಕ್ಷಿಗೆ ಆಸೆ ಇತ್ತು. ಕೇಳಿದಳು. ನಾನು ಸ್ಪಷ್ಟ ಬೇಡ ಹೇಳಿದೆ. ನನ್ನ ಮಾತು ಮೀರಿ ಈ ಮನೆಯಲ್ಲಿ..."

ಮಾತು ಅರ್ಧಕ್ಕೇ ನಿಂತಿತು. ಪಂಕಜಕ್ಕ ಆಗಲೇ ಅಡಿಗೆಮನೆಯ ಕಡೆ ನಡೆದಿದ್ದರು. ಅಡಿಗೆಮನೆಯಲ್ಲಿ ಸಿಗಲಿಲ್ಲ. ಉಗ್ರಾಣದಲ್ಲೂ ಇಲ್ಲ. ಕೊನೆಗೆ ಸೌದೆ ಕೊಟ್ಟಿಗೆಯಲ್ಲಿ, ತೆಂಗಿನ ಮಡಲುಗಳ ಹಿಂದೆ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಭರಣಿ ಸಿಕ್ಕಿತು. ತಳದಲ್ಲಿ ನಾಲ್ಕು ಬೆರಳಿನಷ್ಟು ಗೊಜ್ಜು. ಹುಣಸೆಹುಳಿ, ಬೆಲ್ಲ, ಮೆಣಸು, ಸಣ್ಣಗೆ ಹೆಚ್ಚಿದ ಕಿತ್ತಳೆ ಸಿಪ್ಪೆ.

ವಸುಮತಿಯಮ್ಮ ಬಾಗಿಲ ದಾರಂದ ಹಿಡಿದು ನಿಂತರು. "ನನ್ನ ಕಣ್ಣು ತಪ್ಪಿಸಿ..."

"ಸೊಸೆಗೆ ಬಯಕೆ. ಕಿನ್ನಿ ಮಾಡಿ ಕೊಟ್ಟಳು. ಇಬ್ಬರೂ ಕೂತು ತಿಂದರು, ಮಂಗಳವಾರದಿಂದ ದಿನಾಲೂ. ನಿಮ್ಮ ಎದುರು ಬಾಯಿ ಬಿಡ್ಲಿಕ್ಕೆ ಇಬ್ಬರಿಗೂ ಧೈರ್ಯ ಇಲ್ಲ. ಗಂಡಸರಿಗೆ ಇದು ಗೊತ್ತೇ ಇಲ್ಲ. ಪೊಲೀಸರು ಕೇಳಿದ್ದು ಗಂಡಸರನ್ನು."

"ಹಾಗಾದರೆ ಹಣ್ಣಿನ ಒಳಗೆ ವಿಷ ಇಲ್ಲ?" ನಾನು ಕೇಳಿದೆ.

"ಇಲ್ಲ. ಸಿಪ್ಪೆಯ ಮೇಲೆ ಉಂಟು. ಅಂದರೆ ಸವರಿದ್ದರಲ್ಲಿ."

"ಪೂವಪ್ಪನೇ ತಪ್ಪಿತಸ್ಥ ಅಂತಾಯ್ತು."

ಪಂಕಜಕ್ಕ ಬುಟ್ಟಿಯ ಹತ್ತಿರ ಮರಳಿದರು. ಒಂದು ಹಣ್ಣಿನ ಮೇಲೆ ಉಗುರಿನಿಂದ ಗೀರಿದರು. ಉಗುರಿನ ಕೆಳಗೆ ಕೆಂಪು ಪುಡಿ ಎದ್ದಿತು. ಗೀರಿದ ಜಾಗದಲ್ಲಿ ಸಿಪ್ಪೆಯ ನಿಜವಾದ ಬಣ್ಣ ಕಂಡಿತು. ಎಳೆ ಹಸಿರು!

"ಹೋಗುವ ಕಂಪೌಂಡರೇ. ನಿಮ್ಮ ಬಾಟಲಿಗಳ ಕೆಲಸ ಉಂಟು."

ದೀಪ ಹಚ್ಚುವ ಹೊತ್ತಿಗೆ ನಾವು ಡಿಸ್ಪೆನ್ಸರಿಯಲ್ಲಿದ್ದೆವು. ಹಣ್ಣಿನಿಂದ ಆ ಕೆಂಪನ್ನು ಕೆರೆದು, ಬಿಸಿನೀರಿನಲ್ಲಿ ಮೇಣ ಕರಗಿಸಿ ತೆಗೆದು, ಉಳಿದ ಪುಡಿಗೆ ಬಿಸಿ ವಿನೆಗರ್ ಹಾಕಿದೆ. ಕೆಂಪು ಪುಡಿ ಕಂದು ಬಣ್ಣಕ್ಕೆ ತಿರುಗಿತು. ಸೋಸಿದೆ. ತಿಳಿ ನೀರು ಇಳಿಯಿತು. ಗಂಟಲುಬಾವಿನ ಔಷಧಕ್ಕೆ ಇಟ್ಟಿದ್ದ ಪೊಟ್ಯಾಸಿಯಂ ಅಯೊಡೈಡನ್ನು ಕರಗಿಸಿ ಎರಡು ಹನಿ ಬಿಟ್ಟೆ.

ಗಾಜಿನ ಕೊಳವೆಯಲ್ಲಿ ಅರಿಶಿನದಂಥ ಹಳದಿ ಮೋಡ ಎದ್ದಿತು.

"ಸೀಸ!" ನಾನು ಕೊಳವೆಯನ್ನು ದೀಪಕ್ಕೆ ಹಿಡಿದೆ. "ಪಂಕಜಕ್ಕ, ಇದು ಸೀಸದ ಕೆಂಪು. ಹುಳಿಯಲ್ಲಿ ಬೇಯಿಸಿದರೆ ಇನ್ನೂ ಕೆಟ್ಟದ್ದು. ಹುಣಸೆಹುಳಿ ಅದನ್ನು ಕರಗಿಸಿ ಗೊಜ್ಜಿಗೆಲ್ಲ ಬಿಟ್ಟಿದೆ."

"ಚೀಟಿ ಬರೀರಿ. ಈಗಲೇ."

ಕಾಸರಗೋಡಿನಿಂದ ಮರಳಿ ಬಂದಿದ್ದ ಅದೇ ಕಾರನ್ನು ಪಂಕಜಕ್ಕ ಮತ್ತೆ ತಿರುಗಿಸಿದರು. ವಿಷ ಯಾವುದೆಂದು ಗೊತ್ತಾದರೆ ಡಾಕ್ಟರರ ಕೈಗೆ ದಾರಿ ಸಿಕ್ಕಿದಂತೆ. ಚೀಟಿ ಹೋಯಿತು. ಮರುದಿನ ಬೆಳಗಿನ ಬಸ್ಸಿನಲ್ಲಿ ಉತ್ತರ ಬಂತು. ಹೊಟ್ಟೆ ತೊಳೆದಿದ್ದಾರೆ, ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುತ್ತಿದ್ದಾರೆ, ಕಿನ್ನಿ ಚೇತರಿಸುತ್ತಿದ್ದಾಳೆ, ಹರಿಣಾಕ್ಷಿಯ ಬಗ್ಗೆ ಈಗಲೇ ಏನೂ ಹೇಳುವಂತಿಲ್ಲ.

ಪಂಕಜಕ್ಕ ಚೀಟಿ ಮಡಚಿದರು. "ನಡೀರಿ, ಪೆರ್ಲಕ್ಕೆ."

ಪೆರ್ಲದಲ್ಲಿ ಸಬ್ ಇನ್ಸ್‌ಪೆಕ್ಟರರು ಪೂವಪ್ಪನ ಅಂಗಡಿಯ ಮುಂದೆಯೇ ಇದ್ದರು. ಅಂಗಡಿಯ ಬೋರ್ಡಿಗೆ ಯಾರೋ ಕಲ್ಲು ಹೊಡೆದಿದ್ದರು. 'ಮೇಣ ಸವರಿದ ಹಣ್ಣು. ತೊಳೆದು ಉಪಯೋಗಿಸಿ' ಎಂದು ಬರೆದ ಬೋರ್ಡು ಸೀಳಿ ಜೋತಾಡುತ್ತಿತ್ತು.

ಪಂಕಜಕ್ಕ ಹಿಂದಿನ ದಿನ ಕಂಡದ್ದನ್ನೆಲ್ಲ ಹೇಳಿದರು. ಇನ್ಸ್‌ಪೆಕ್ಟರರ ಹುಬ್ಬು ಮೇಲೇರಿತು.

"ನೀವು ಹೆರಿಗೆ ಮಾಡಿಸಿ ಅಮ್ಮ. ಕೇಸು ನಾವು ನೋಡಿಕೊಳ್ಳುತ್ತೇವೆ."

"ಹೆರಿಗೆಯೇ ಸರ್ ಮಾಡಿಸ್ತಾ ಇರುವುದು. ಇನ್ನು ಎರಡು ತಿಂಗಳು ಉಂಟು. ಈ ಬಣ್ಣ ಹಚ್ಚಿದವರ ಹತ್ತಿರ ಇನ್ನೂ ಹಣ್ಣು ಇದ್ದರೆ? ನಾಳೆ ಇನ್ನೊಬ್ಬಳು ಬಸುರಿ ತಿಂದರೆ?"

ಅಷ್ಟರಲ್ಲಿ ಅಂಗಡಿಯ ಪಕ್ಕದ ಮನೆಯಿಂದ ಒಬ್ಬ ಹೆಂಗಸು ನೇರ ನಮ್ಮ ಎದುರಿಗೆ ಬಂದು ನಿಂತಳು. ಪೂವಪ್ಪನ ಹೆಂಡತಿ ಪ್ರೇಮಾವತಿ.

"ಗಂಡನನ್ನು ಯಾಕೆ ಕೂರಿಸಿದ್ದು ಸರ್? ಹಣ್ಣು ಮೇಣದಲ್ಲಿ ಅದ್ದುವವಳು ನಾನು. ಹಿಡಿಯುವುದಾದರೆ ನನ್ನನ್ನು ಹಿಡೀರಿ."

"ಹೇಗೆ ಅದ್ದುವುದು? ತೋರಿಸ್ತೀಯಾ?" ಎಂದರು ಪಂಕಜಕ್ಕ.

ಅವಳು ಮನೆಯಲ್ಲಿ ಉಳಿದಿದ್ದ ಮೇಣದಲ್ಲೇ ತೋರಿಸಿದಳು. ಹಿಂದಿನ ವರ್ಷ ಗಂಡ ಹೆಂಡತಿ ಇಬ್ಬರೂ ಮೈಸೂರಿಗೆ ಹೋಗಿ ಕಲಿತು ಬಂದ ಕೆಲಸ. ಕೊಡಗಿನಿಂದ ಬರುವ ಹಣ್ಣನ್ನು ಕತ್ತರಿಯಿಂದ ತೊಟ್ಟು ಕತ್ತರಿಸಿಯೇ ಕೊಡಬೇಕೆಂದು ಅವರ ಷರತ್ತು. ಮೊದಲು ತೊಳೆಯುವುದು, ಆರಿಸುವುದು. ಹಾಲಿನಂತಿದ್ದ ಮೇಣದ ನೀರಿನಲ್ಲಿ ಬಿದಿರಿನ ಜರಡಿಯಿಟ್ಟು ಹಣ್ಣನ್ನು ಮುಳುಗಿಸಿ ತಕ್ಷಣ ಎತ್ತುವುದು. ನಂತರ ತೆಂಗಿನ ನಾರಿನ ಬಲೆಯ ಮೇಲೆ ಗಾಳಿಗೆ ಬಿಡುವುದು.

"ಎಂತ ಮೇಣ ಇದು?"

"ಕಬ್ಬಿನದ್ದು. ಹೊಟ್ಟೆಗೆ ಹೋದರೂ ಎಂತ ಆಗುವುದಿಲ್ಲ, ಹಾಗೆಯೇ ಹೊರಗೆ ಹೋಗ್ತದೆ. ಹಣ್ಣಿನ ನೀರು ಆರಬಾರದು ಅಂತ ಹಾಕುವುದು, ಅಷ್ಟೇ. ಹದಿನೈದು ಇಪ್ಪತ್ತು ದಿನ ಬಾಡುವುದಿಲ್ಲ. ಆದರೆ ಹಳಸಿದ ಹಣ್ಣು ಇದರಿಂದ ಹೊಸದಾಗುವುದಿಲ್ಲ ಅಕ್ಕ. ದಪ್ಪ ಬಳಿದರೆ ಒಳಗೆ ಉಸಿರು ಕಟ್ಟಿ ಹೆಂಡದ ವಾಸನೆ ಬರ್ತದೆ."

ಹೇಳುತ್ತಲೇ ಅವಳು ಒಂದು ಹಣ್ಣಿನ ಸಿಪ್ಪೆ ಸುಲಿದು, ಆ ಸಿಪ್ಪೆಯನ್ನೇ ಬಾಯಿಗೆ ಹಾಕಿ ಅಗಿದು ನುಂಗಿದಳು. ಮುಖ ಕಿವುಚಲಿಲ್ಲ. ಇನ್ಸ್‌ಪೆಕ್ಟರರನ್ನು ನೆಟ್ಟ ದೃಷ್ಟಿಯಿಂದ ನೋಡಿದಳು.

ಪಂಕಜಕ್ಕ ಅವಳ ಒಂದು ಹಣ್ಣನ್ನು ಮಗುಚಿ ನೋಡಿದರು. ಸುತ್ತಲೂ ಒಂದೇ ಸಮನೆ ತೆಳು ಹೊಳಪು. ಉಗುರಿನಿಂದ ಗೀರಿದರು. ಬಿಳಿಯ ಸುರುಳಿ ಎದ್ದಿತು. ಕೆಳಗೆ ಹಳದಿ ಸಿಪ್ಪೆ. ತೊಟ್ಟು ಕತ್ತರಿಯಿಂದ ಕತ್ತರಿಸಿದ್ದು.

"ನೆಕ್ರಾಜೆಯ ಆ ಐದು ಹಣ್ಣಿಗೆ ತೊಟ್ಟೇ ಇಲ್ಲ ಸರ್," ಎಂದರು. "ಕಿತ್ತು ತೆಗೆದ ತೂತು ಮಾತ್ರ ಉಂಟು. ಅವು ಈ ಅಂಗಡಿಯ ಹಣ್ಣೇ ಅಲ್ಲ."

"ಬುಟ್ಟಿ ಇವರದ್ದೇ ಅಲ್ಲವೇ?"

"ಬುಟ್ಟಿ ಇವರದ್ದು. ಮೇಲಿನ ಸಾಲುಗಳೂ ಇವರದ್ದೇ. ಗುಣಪಾಲಣ್ಣ ಮೊದಲ ದಿನಗಳಲ್ಲಿ ತಿಂದದ್ದು ಹೆಚ್ಚಾಗಿ ಅವನ್ನು. ಬುಟ್ಟಿಯ ಅಡಿ ಬೇರೆ. ಮೇಲೆ ಕಡಿಮೆ ಆದದ್ದು ಕಾಣಬಾರದು ಅಂತ ಕಿನ್ನಿ ಗೊಜ್ಜಿಗೆ ತೆಗೆದದ್ದು ಆ ಅಡಿಯಿಂದ."

ಎದುರಿನ ಅಂಗಡಿಯಿಂದ ಕಿಟ್ಟಣ್ಣ ನಮ್ಮನ್ನೇ ನೋಡುತ್ತಿದ್ದ. ಚಹಾ, ಸೋಡಾ, ಹಣ್ಣಿನ ವ್ಯಾಪಾರ ಅವನದ್ದು. ಪೂವಪ್ಪನ ಮೇಣದ ಹಣ್ಣು ಬಂದ ಮೇಲೆ ಅವನ ಕಿತ್ತಳೆ ಕೇಳುವವರಿರಲಿಲ್ಲ. ಬೋರ್ಡಿಗೆ ಕಲ್ಲು ಹೊಡೆದದ್ದೂ ಅವನೇ ಎಂದು ಪ್ರೇಮಾವತಿ ಹಲ್ಲು ಕಚ್ಚಿ ಹೇಳಿದಳು.

"ಇವನೇ ಇರಬಹುದಾ?" ನಾನು ಪಿಸುಗುಟ್ಟಿದೆ.

ಪಂಕಜಕ್ಕ ಅವನ ಅಂಗಡಿಗೆ ಹೋಗಿ ರಾಶಿಯಿಂದ ಒಂದು ಕಿತ್ತಳೆ ಎತ್ತಿದರು. ಅದೂ ಮಿಂಚುತ್ತಿತ್ತು!

"ಇದಕ್ಕೆ ಎಂತ ಹಚ್ಚಿದ್ದು ಕಿಟ್ಟಣ್ಣ?"

"ನಾನಾ? ಎಂತದೂ ಇಲ್ಲಪ್ಪ."

"ಇನ್ಸ್‌ಪೆಕ್ಟರ್ ಸಾಹೇಬರು ಅಲ್ಲೇ ಇದ್ದಾರೆ ಮಾರಾಯ."

ಕಿಟ್ಟಣ್ಣನ ಸ್ವರ ಇಳಿಯಿತು. "ತೆಂಗಿನೆಣ್ಣೆ ಅಕ್ಕ. ಬಟ್ಟೆಯಲ್ಲಿ ಸ್ವಲ್ಪ ಉಜ್ಜುವುದು. ಹೊಳೆಯದಿದ್ದರೆ ಈಗ ಯಾರು ತಗೊಳ್ತಾರೆ ಹೇಳಿ?"

ಅವರು ಮೂಸಿದರು, ಸೀರೆಯ ಸೆರಗಿಗೆ ಒರೆಸಿದರು. ಎಣ್ಣೆಯೇ. ಬಣ್ಣವಿರಲಿಲ್ಲ. ಹಣ್ಣನ್ನು ಮಗುಚಿ ನೋಡಿ ಕೆಳಗಿಟ್ಟರು.

"ಇವನಲ್ಲ," ಎಂದರು ನನಗೆ ಮಾತ್ರ ಕೇಳುವಂತೆ. "ಬರೀ ಎಣ್ಣೆ." ನಂತರ ಹಿಂದೆ ತಿರುಗಿ, "ಪ್ರೇಮಾವತೀ, ಬುಟ್ಟಿ ನೆಕ್ರಾಜೆಗೆ ಹೋದದ್ದು ಹೇಗೆ?"

"ಬಸ್ಸಿನಲ್ಲಿ. ಭಾನುವಾರ ಸಂಜೆ ಏಜೆಂಟರ ಶೆಡ್ಡಿನಲ್ಲಿ ಇಟ್ಟು ಬಂದೆವು. ಸೋಮವಾರ ಬೆಳಗಿನ ಬಸ್ಸಿಗೆ ಅವರು ಹಾಕಿದ್ದು. ಯಾವಾಗಲೂ ಹಾಗೆಯೇ."

ಏಜೆಂಟ್ ಚೆನ್ನಯ್ಯ ಶೆಡ್ಡಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಮೃದು ಮಾತಿನ ಮನುಷ್ಯ, ಮದುವೆಯಾಗಿರಲಿಲ್ಲ. ನಮ್ಮನ್ನು ಕಂಡು ಎದ್ದು ನಿಂತ.

"ಬುಟ್ಟಿ ಇಲ್ಲಿತ್ತಲ್ಲ ಚೆನ್ನಯ್ಯ?"

"ಇತ್ತು ಅಕ್ಕ. ಬೆಳಿಗ್ಗೆ ನಾನೇ ಬಸ್ಸಿಗೆ ಹಾಕಿದೆ. ಪಾಪ ಪೂವಪ್ಪ! ಸುಮ್ಮನೆ ಅವನನ್ನು ಹಿಡಿದರು. ಹೊರಗೆ ಹಚ್ಚಿದ್ದು ಒಳಗೆ ಹೋಗ್ತದಾ? ಸಿಪ್ಪೆ ಸುಲಿದು ಬಿಸಾಡುವುದಲ್ವಾ? ಅದರಿಂದ ಯಾರಿಗೆ ಎಂತ ಆಗ್ಲಿಕ್ಕುಂಟು?"

ಊರೆಲ್ಲ ಪೂವಪ್ಪನಿಗೆ ಶಾಪ ಹಾಕುತ್ತಿರುವಾಗ ಅವನ ಪರವಾಗಿ ಕೇಳಿದ ಮೊದಲ ಮಾತು ಅದು. ನನಗೆ ಚೆನ್ನಯ್ಯನ ಮೇಲೆ ಗೌರವ ಮೂಡಿತು.

ಶೆಡ್ಡಿನ ಹಿಂದೆ ಒಂದು ಹಳೆಯ ಬಸ್ಸಿನ ಚೌಕಟ್ಟು ನಿಂತಿತ್ತು. ಅದಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದವನು ಪೇಂಟರ್ ಕೂಸಪ್ಪ. ಪಂಕಜಕ್ಕ ಅವನ ಕೆಂಪು ಪುಡಿಯ ಡಬ್ಬಿಯ ಕಡೆ ಕೈ ಚಾಚಿದರು.

"ಮುಟ್ಟಬೇಡಿ ಅಕ್ಕ!" ಕೂಸಪ್ಪ ಬ್ರಷ್ ಕೆಳಗೆ ಹಾಕಿ ಓಡಿ ಬಂದ. "ರೆಡ್‌ಲೆಡ್ ಅದು. ಕಬ್ಬಿಣಕ್ಕೆ ತುಕ್ಕು ಹಿಡಿಯದ ಹಾಗೆ ಬಳಿಯುವುದು. ವಿಷ. ನಾನು ಸಾಬೂನು ಹಾಕಿ ಕೈ ತೊಳೆಯದೆ ಬೀಡಿ ಸಹ ಮುಟ್ಟುವುದಿಲ್ಲ."

ರೆಡ್‌ಲೆಡ್ ಎಂದರೆ ಅದೇ, ಸೀಸದ ಕೆಂಪು!

"ಡಬ್ಬಿ ಯಾವಾಗಿನಿಂದ ಇಲ್ಲುಂಟು?"

"ಹದಿನೈದು ದಿನ ಆಯ್ತು, ರಾತ್ರಿ ಶೆಡ್ಡಿನೊಳಗೆ ಇಡುವುದು. ನಾನು ನಡುವೆ ಒಂದು ವಾರ ಪುತ್ತೂರಿಗೆ ಹೋಗಿದ್ದೆ, ಬೇರೆ ಬಸ್ಸಿನ ಕೆಲಸಕ್ಕೆ. ಮೊನ್ನೆ ಬುಧವಾರ ಬಂದು ನೋಡ್ತೇನೆ, ಪುಡಿ ಕಾಲು ಭಾಗ ಖಾಲಿ! ಚೆನ್ನಯ್ಯನವರ ಹತ್ತಿರ ಕೇಳಿದೆ. ಇಲಿ ಬೀಳಿಸಿತು ಅಂದರು."

"ಶೆಡ್ಡಿನ ಬೀಗದ ಕೈ ನಿನ್ನ ಹತ್ತಿರವೂ ಉಂಟಾ?"

"ಇಲ್ಲಕ್ಕ. ಅವರ ಹತ್ತಿರ ಮಾತ್ರ."

ಪಂಕಜಕ್ಕ ಶೆಡ್ಡಿನ ಒಳಗೆ ಕಾಲಿಟ್ಟರು. ಹಿಂದೆ ನಾನು, ಇ‌ನ್ಸ್‌ಪೆಕ್ಟರರು. ಪಾರ್ಸೆಲ್ ಗಂಟುಗಳು, ಹಳೆಯ ಟಯರುಗಳು. ಮೂಲೆಯ ಹಲಗೆಯೊಂದರ ಮೇಲೆ ಗೋಣಿಚೀಲ ಮುಚ್ಚಿತ್ತು. ಪಂಕಜಕ್ಕ ಗೋಣಿ ಎಳೆದರು. ಹಲಗೆಯ ಮೇಲೆ ಬಸ್ಸಿನ ಚಕ್ರದ ದೊಡ್ಡ ದೊಡ್ಡ ನಟ್ಟುಗಳು, ಸಾಲಾಗಿ, ಗೇಣಿಗೊಂದರಂತೆ ಇಟ್ಟಿದ್ದವು. ಇಪ್ಪತ್ತು ನಟ್ಟುಗಳು.

ಅವರು ಬಾಗಿ ಒಂದರ ಅಂಚನ್ನು ಮುಟ್ಟಿದರು. ಬೆರಳಿಗೆ ಕೆಂಪು ಮೇಣ ಅಂಟಿತು.

"ಚೆನ್ನಯ್ಯನನ್ನು ಕರೆಯಿರಿ ಸರ್."

ಅಷ್ಟರಲ್ಲಿ ಶೆಡ್ಡಿನ ಮುಂದೆ ಜನ ಸೇರಿದ್ದರು. ಕಿಟ್ಟಣ್ಣ, ಪ್ರೇಮಾವತಿ, ಬಸ್ಸಿಗೆ ಕಾಯುತ್ತಿದ್ದವರು. ಪಂಕಜಕ್ಕ ಚೀಲದಿಂದ ನೆಕ್ರಾಜೆಯ ಕಿತ್ತಳೆಗಳನ್ನು ತೆಗೆದು ಮೆಟ್ಟಿಲ ಮೇಲೆ ಇಟ್ಟರು.

"ಇವನ್ನು ಎಲ್ಲರೂ ನೋಡಿದ್ದಾರೆ," ಎಂದರು. "ಗುಣಪಾಲಣ್ಣ ನೋಡಿದರು, ವಸುಮತಿಯಮ್ಮ ನೋಡಿದರು, ನಮ್ಮ ಕಂಪೌಂಡರೂ ನೋಡಿದರು. ಎಲ್ಲರೂ ನೋಡಿದ್ದು ಹೊಳಪನ್ನು. ಹೊಳಪು ಇರುವುದು ಮೇಲೆ. ಯಾರೂ ಮಗುಚಿ ಅಡಿ ನೋಡ್ಲಿಲ್ಲ."

ಅವರು ಒಂದೊಂದಾಗಿ ಹಣ್ಣುಗಳನ್ನು ಬೋರಲು ಹಾಕಿದರು. ಪ್ರತಿ ಹಣ್ಣಿನ ಅಡಿಯಲ್ಲೂ ಬಣ್ಣವಿಲ್ಲದ ಒಂದು ಬೋಳು ಗುರುತು. ಹಸಿರಾಗಿಯೇ ಉಳಿದ ಸಿಪ್ಪೆ. ಗುರುತು ದುಂಡಗಿರಲಿಲ್ಲ. ಅದಕ್ಕೆ ಆರು ಮೂಲೆಗಳಿದ್ದವು.

"ಅದ್ದಿದ ಹಣ್ಣಿಗೆ ಬೋಳು ಜಾಗ ಇರುವುದಿಲ್ಲ. ಇದು ಬ್ರಷ್ಷಿನಲ್ಲಿ ಬಳಿದದ್ದು. ಬಳಿಯುವಾಗ ಹಣ್ಣು ಉರುಳಬಾರದಲ್ಲ? ಏನಾದರೂ ಒಂದರ ಮೇಲೆ ಕೂರಿಸಬೇಕು. ಬಿಸಿ ಮೇಣ ಕೆಳಗೆ ಹರಿದು, ತಣ್ಣಗಿನ ಕಬ್ಬಿಣದ ಅಂಚಿಗೆ ತಾಗಿ ಹೆಪ್ಪುಗಟ್ಟಿದೆ."

ಇನ್ಸ್‌ಪೆಕ್ಟರರು ಒಳಗಿನಿಂದ ಒಂದು ನಟ್ಟು ತಂದು ಹಣ್ಣಿನ ಅಡಿಗೆ ಹಿಡಿದರು. ಮೂಲೆಗೆ ಮೂಲೆ ಸರಿಹೊಂದಿತು. ಜನರಲ್ಲಿ ಗುಜುಗುಜು ಎದ್ದಿತು.

"ಕೂಸಪ್ಪನ ಬಣ್ಣ, ಕೂಸಪ್ಪನ ಬ್ರಷ್!" ಚೆನ್ನಯ್ಯನ ಸ್ವರ ಏರಿತು. "ನನ್ನನ್ನು ಯಾಕೆ ಕೇಳುವುದು?"

"ಕೂಸಪ್ಪ ಆ ಭಾನುವಾರ ಪುತ್ತೂರಿನಲ್ಲಿದ್ದ. ಬೀಗದ ಕೈ ನಿಮ್ಮ ಹತ್ತಿರ. ಆ ಬಣ್ಣ ವಿಷ ಅಂತ ಕೂಸಪ್ಪನಿಗೆ ಗೊತ್ತುಂಟು, ಓಡಿ ಬಂದು ನನ್ನನ್ನು ತಡೆದ. ಬಿದ್ದ ಹಸಿರು ಕಿತ್ತಳೆ ಅಗ್ಗಕ್ಕೆ ತಂದು, ಮೇಣದಬತ್ತಿ ಕರಗಿಸಿ, ಕೆಂಪು ಪುಡಿ ಕಲಸಿ ಬಳಿದವರು ನೀವು. ಪ್ರೇಮಾವತಿಯ ಬುಟ್ಟಿಯಿಂದ ಒಳ್ಳೆಯ ಹಣ್ಣು ತೆಗೆದು, ಅಡಿಗೆ ಇವನ್ನು ತುಂಬಿಸಿ, ಮೇಲೆ ಅವಳದ್ದೇ ಎರಡು ಸಾಲು ಇಟ್ಟಿರಿ. ಒಳ್ಳೆಯದನ್ನು ಬೇರೆ ಕಡೆ ಮಾರಿದಿರಿ. ಹೌದಾ ಅಲ್ವಾ?"

"ಸಾಕ್ಷಿ ಎಂತ ಉಂಟು?"

"ನೀವೇ ಕೊಟ್ಟದ್ದು. 'ಹೊರಗೆ ಹಚ್ಚಿದ್ದು ಒಳಗೆ ಹೋಗ್ತದಾ, ಸಿಪ್ಪೆ ಬಿಸಾಡುವುದಲ್ವಾ' ಅಂದಿರಿ. ಪೂವಪ್ಪನ ಪರವಾಗಿ ಅಲ್ಲ, ನಿಮ್ಮ ಮನಸ್ಸಿಗೆ ನೀವೇ ಹೇಳಿಕೊಂಡ ಸಮಾಧಾನ ಅದು. ದಿನಾಲೂ ಹೋಟೆಲಿನಲ್ಲಿ ಉಣ್ಣುವ ನಿಮಗೆ ಮನೆಯ ಅಡಿಗೆ ಗೊತ್ತಿಲ್ಲ. ಆ ಸಿಪ್ಪೆಯನ್ನು ಗೊಜ್ಜು ಮಾಡಿ ಒಬ್ಬಳು ಬಸುರಿ ನಾಲ್ಕು ದಿನ ತಿಂದಿದ್ದಾಳೆ ಚೆನ್ನಯ್ಯ. ಈಗ ಆಸ್ಪತ್ರೆಯಲ್ಲಿದ್ದಾಳೆ. ಮಗು ಉಳೀತದಾ ಇಲ್ವಾ ಗೊತ್ತಿಲ್ಲ."

ಚೆನ್ನಯ್ಯ ಸ್ಟೂಲನ್ನು ಕೈಯಿಂದ ತಡವಿ ಹುಡುಕಿ ಕೂತ.

"ಸಿಪ್ಪೆ ತಿಂತಾರೆ ಅಂತ ನನಗೆ ಗೊತ್ತಿರ್ಲಿಲ್ಲ ಅಕ್ಕ... ಸತ್ಯವಾಗಿ ಗೊತ್ತಿರ್ಲಿಲ್ಲ. ಹಣ್ಣು ಕೆಂಪಗೆ ಕಾಣಬೇಕಿತ್ತು, ಅಷ್ಟೇ. ಇನ್ನೆರಡು ಬುಟ್ಟಿ ಉಂಟು, ಟಯರಿನ ಹಿಂದೆ. ಅದು ಹೋಗಬೇಕಿತ್ತು ಇವತ್ತು."

"ವಿಷ ಅಂತ ಗೊತ್ತಿತ್ತಾ?" ಇನ್ಸ್‌ಪೆಕ್ಟರರು ಕೇಳಿದರು.

ಅವನು ಮುಖ ತಿರುಗಿಸಿದ.

"ಗೊತ್ತಿತ್ತು," ಎಂದ ಕೂಸಪ್ಪ ಹಿಂದಿನಿಂದ. "ಕೈ ತೊಳೆಯದೆ ಊಟ ಮಾಡಬೇಡಿ ಅಂತ ಮೊದಲ ದಿನವೇ ಇವರಿಗೆ ಹೇಳಿದ್ದೆ."

ಪಂಕಜಕ್ಕ ಚೆನ್ನಯ್ಯನ ಮುಂದೆ ನಿಂತರು. ಸ್ವರ ಏರಿಸಲಿಲ್ಲ. "ಯಾರ ಮನೆಗೆ ಹೋಗ್ತದೆ ಅಂತಲೂ ಗೊತ್ತಿತ್ತು. ಬುಟ್ಟಿಯ ಮೇಲೆ ಹೆಸರು ಬರೆದಿತ್ತಲ್ಲ?"

ಪೊಲೀಸರು ಟಯರಿನ ಹಿಂದಿನಿಂದ ಎರಡು ಬುಟ್ಟಿಗಳನ್ನು ಹೊರಗೆ ತಂದರು. ಬಿಸಿಲಿಗೆ ಆ ಹಣ್ಣುಗಳು ಕಣ್ಣು ಕುಕ್ಕುವಂತೆ ಮಿಂಚಿದವು. ಕೊಳ್ಳುವವರಿಗೆ ಬೇಕಾದ ಹೊಳಪೆಲ್ಲ ಅಲ್ಲಿತ್ತು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಕೇಳಿದಳು: "ಹಾಗಾದರೆ ನಾವು ಎಂತ ನೋಡಿ ತಗೊಳ್ಳುವುದು ಅಕ್ಕ?"

"ಹೊಳಪು ನೋಡಬೇಡಿ. ಹೊಳಪು ಹಚ್ಚಲಿಕ್ಕೆ ಬರ್ತದೆ. ಮಗುಚಿ ನೋಡಿ, ತೊಟ್ಟು ನೋಡಿ, ಕೈಯಲ್ಲಿ ಹಿಡಿದು ಭಾರ ನೋಡಿ, ಮೂಸಿ. ಬುಟ್ಟಿಯಾದರೆ ಅಡಿಯದ್ದನ್ನು ತೆಗೆಸಿ. ಉಗುರಿನಿಂದ ಗೀರಿ ನೋಡಿ. ಬಣ್ಣ ಎದ್ದರೆ ಅಲ್ಲೇ ಬಿಟ್ಟು ಬನ್ನಿ. ಎಂತ ಹಚ್ಚಿದ್ದು ಅಂತ ಬಾಯಿಬಿಟ್ಟು ಕೇಳಿ. ಪ್ರೇಮಾವತಿಯ ಹಾಗೆ ಹೇಳುವವರ ಹತ್ತಿರ ತಗೊಳ್ಳಿ, ತಡವರಿಸುವವರ ಹತ್ತಿರ ಬೇಡ. ಸಿಪ್ಪೆ ಅಡಿಗೆಗೆ ಬೇಕಾದರೆ ಬಿಸಿನೀರಿನಲ್ಲಿ ಉಜ್ಜಿ ತೊಳೀರಿ, ಒಳ್ಳೆಯ ಮೇಣದ್ದಾದರೂ. ಬಣ್ಣ ಬಳಿದದ್ದು ಎಷ್ಟು ತೊಳೆದರೂ ಅಡಿಗೆಗೆ ಬೇಡ."

ಕಿಟ್ಟಣ್ಣ ಮೆಲ್ಲನೆ ಜನರ ಹಿಂದೆ ಸರಿದು, ತನ್ನ ಅಂಗಡಿಯ ಎಣ್ಣೆ ಬಟ್ಟೆಯನ್ನು ಒಳಗೆ ಎಸೆದದ್ದು ನನಗೆ ಕಂಡಿತು.

ಮಧ್ಯಾಹ್ನ ಪೂವಪ್ಪ ಮನೆಗೆ ಬಂದ. ಒಂದೇ ರಾತ್ರಿಯಲ್ಲಿ ಕುಗ್ಗಿ ಹೋಗಿದ್ದ. ಇನ್ನು ಮೇಣದ ಸಹವಾಸವೇ ಬೇಡ ಎಂದು ಜಗಲಿಯಲ್ಲಿ ಕೂತುಬಿಟ್ಟ. ಪ್ರೇಮಾವತಿ ಅವನ ಮುಂದೆ ನೀರಿನ ಚೊಂಬು ಇಟ್ಟಳು. ಇನ್ಸ್‌ಪೆಕ್ಟರರ ಕೈಯಿಂದ ಅಂಗಡಿಯ ಕೀಲಿ ಇಸಿದುಕೊಂಡು ಹೋಗಿ ಬಾಗಿಲು ತೆರೆದಳು. ಚೆನ್ನಯ್ಯನಿಗೆ ಮುಂದೆ ಕೋರ್ಟಿನಲ್ಲಿ ಎರಡು ವರ್ಷ ಶಿಕ್ಷೆಯಾಯಿತು.

ಭಾನುವಾರ ಪಂಕಜಕ್ಕ ಮತ್ತು ನಾನು ಕಾಸರಗೋಡಿಗೆ ಹೋದೆವು. ಕಿನ್ನಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಹರಿಣಾಕ್ಷಿಯ ಮುಖ ಬಿಳಿಚಿತ್ತು, ನೋವು ಮಾತ್ರ ಇಳಿದಿತ್ತು. ಅಪಾಯ ದಾಟಿದೆ, ಆದರೂ ತಿಂಗಳುಗಟ್ಟಲೆ ಜಾಗ್ರತೆ ಬೇಕು ಎಂದು ಡಾಕ್ಟರರು ಹೇಳಿದರು. ಪಂಕಜಕ್ಕ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು. ತಲೆಯೆತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಆ ಕಣ್ಣಲ್ಲಿ ನೀರು ಕಂಡದ್ದು ನಾನು ಅದೊಂದೇ ಸಲ.

"ಗಟ್ಟಿ ಉಂಟು," ಎಂದರು. "ಒದೀತಾ ಉಂಟು."

ಮಂಚದ ಆಚೆ ಬದಿಯಲ್ಲಿ ವಸುಮತಿಯಮ್ಮ ಗೋಡೆಗೆ ಒರಗಿ ನಿಂತಿದ್ದರು. ಗೊಜ್ಜಿನ ವಿಷಯ ಅವರು ಎತ್ತಲಿಲ್ಲ. ಸೊಸೆಯೂ ಎತ್ತಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಎರಡು ದಿನ ಕಳೆದಿದ್ದರೆಂದು ಕಿನ್ನಿ ನನ್ನ ಕಿವಿಯಲ್ಲಿ ಹೇಳಿದಳು.

ಕೊನೆಗೆ ವಸುಮತಿಯಮ್ಮ ಮುಂದೆ ಬಂದು ಮಂಚದ ಅಂಚಿನಲ್ಲಿ ಕೂತರು.

"ಆಸೆಪಟ್ಟದ್ದನ್ನು ಸೌದೆ ಕೊಟ್ಟಿಗೆಯಲ್ಲಿ ಅಡಗಿಸಿಡಬೇಕಾದ ಮನೆ ಮಾಡಿದ್ದು ನಾನು," ಎಂದರು. "ಈಗ ನಿನಗೆ ಎಂತ ತಿನ್ನಬೇಕು ಅನಿಸ್ತದೆ? ನನ್ನ ಹತ್ತಿರ ಹೇಳು."

ಹರಿಣಾಕ್ಷಿ ಅತ್ತೆಯ ಮುಖವನ್ನೇ ನೋಡಿದಳು. ಹೇಳಬಹುದೇ ಎಂದು ಒಮ್ಮೆ ಪಂಕಜಕ್ಕನ ಕಡೆಗೂ ನೋಡಿದಳು.

"ಹಲಸಿನ ಹಪ್ಪಳ ಮಾಮಿ," ಎಂದಳು ಸಣ್ಣ ಸ್ವರದಲ್ಲಿ. "ಕೆಂಡದಲ್ಲಿ ಸುಟ್ಟದ್ದು."

ವಸುಮತಿಯಮ್ಮ ಎದ್ದರು. ನೆಕ್ರಾಜೆಗೆ ಮುಂದಿನ ಬಸ್ಸು ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿ, ಉತ್ತರಕ್ಕೂ ಕಾಯದೆ ಕೊಡೆ ಹಿಡಿದು ಹೊರಟರು.